ಹೊಳೆ ಬಂದ ಮೇಲೆ ಡಂಗುರ ಯಾಕೆ? ಈಗಲೇ ಠರಾವು ಮಾಡಿಸೋಣ!

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಅಣ್ಣ-ತಮ್ಮಂದಿರೇ, ಅಕ್ಕ-ತಂಗಿಯರೇ,

2024ರ ಆಗಸ್ಟ್ 10ರ ರಾತ್ರಿ ಮರೆತಿಲ್ಲ ತಾನೇ? ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ನೀರು ಎಷ್ಟು ಬರ್ತದ, ಯಾವಾಗ ಬರ್ತದ, ಯಾರನ್ನ ಕೇಳೋದು? ಹೊಳೆದಂಡೆಯ ಊರುಗಳಿಗೆ ಇದು ಹೊಸ ಪ್ರಶ್ನೆಯಲ್ಲ. 2019ರ ಆಗಸ್ಟಿನಲ್ಲಿ ಕಂಪ್ಲಿ ಸೇತುವೆ ಮುಳುಗಿತ್ತು. ವಿರುಪಾಪುರಗಡ್ಡೆಯಲ್ಲಿ ಸಿಕ್ಕಿಬಿದ್ದ ನೂರಾರು ಪ್ರವಾಸಿಗರನ್ನು ಕರೆತರಲು ಹೆಲಿಕಾಪ್ಟರ್ ಬರಬೇಕಾಯಿತು.

ನಡುವೆ 2023 ಬಂತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ! ಪರಿಹಾರದ ದುಡ್ಡಿಗಾಗಿ ರಾಜ್ಯ ಸರ್ಕಾರವೇ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿತು. ಗಂಗಾವತಿಯ ಭತ್ತಕ್ಕೆ ನೀರು ಹೆಚ್ಚಾಗಿ ಕಷ್ಟ, ಯಲಬುರ್ಗಾದ ಎರೆ ಹೊಲಕ್ಕೆ ನೀರಿಲ್ಲದೆ ಕಷ್ಟ. ಜಿಲ್ಲೆ ಮಾತ್ರ ಒಂದೇ.

ನಮ್ಮ ಹೊಳೆ ತುಂಬುವುದು ಮಲೆನಾಡಿನ ಮಳೆಯಿಂದ. ಗೇಟು ತೆಗೆಯುವುದು ತುಂಗಭದ್ರಾ ಮಂಡಳಿ. ಆಚೆ ದಡದಲ್ಲಿ ಬಳ್ಳಾರಿ, ವಿಜಯನಗರ, ಕೆಳಗೆ ರಾಯಚೂರು. 2019ರಲ್ಲಿ ಗವಿಮಠದ ಸ್ವಾಮೀಜಿ ಕರೆದಾಗ ಹಿರೇಹಳ್ಳಕ್ಕೆ ಇಳಿದು ಸ್ವಚ್ಛ ಮಾಡಿದ ಜನ ನಾವು, ಕೆಲಸಕ್ಕೆ ಹಿಂಜರಿಯುವವರಲ್ಲ. ಆದರೆ ನೆರೆ-ಬರ ಎದುರಿಸುವುದು ಒಂದು ಊರಿನ ಸಲಿಕೆ-ಬುಟ್ಟಿಯಿಂದ ಆಗುವ ಕೆಲಸವಲ್ಲ. ರಾಜ್ಯವೇ ಎಲ್ಲರನ್ನೂ ಕೂಡಿಸಿ ಯೋಜನೆ ಮಾಡಬೇಕು, ಅದರಲ್ಲಿ ನಮ್ಮೂರಿನ ಮಾತೂ ಇರಬೇಕು.

ಇದೇನು ಭಿಕ್ಷೆಯಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 31ನೇ ಕಲಂ ಓದಿಸಿ ನೋಡಿ. ಜಿಲ್ಲೆಯ ವಿಪತ್ತು ಯೋಜನೆಯನ್ನು ಸ್ಥಳೀಯ ಸಂಸ್ಥೆಗಳನ್ನು ಕೇಳಿಯೇ ಮಾಡಬೇಕು, ರಾಜ್ಯ ಯೋಜನೆಗೆ ಹೊಂದಿಸಬೇಕು, ವರ್ಷ ವರ್ಷ ಪರಿಷ್ಕರಿಸಬೇಕು. ಈ ಯೋಜನೆ ಮಾಡುವ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು, ಜಿಲ್ಲಾ ಪಂಚಾಯಿತಿ ಅಧ್ಯಕ್ಷರು ಸಹ-ಅಧ್ಯಕ್ಷರು. ಆದರೆ 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಜಿಲ್ಲಾ ಪಂಚಾಯಿತಿ ಚುನಾವಣೆಯೇ ನಡೆಯಲಿಲ್ಲ. ನಮ್ಮ ಪರವಾಗಿ ಮಾತಾಡಬೇಕಾದ ಕುರ್ಚಿ ಧೂಳು ತಿಂದಿತು. ಅದಕ್ಕೇ ಈಗ ಗ್ರಾಮ ಪಂಚಾಯಿತಿ, ಯಲಬುರ್ಗಾದ ಪಟ್ಟಣ ಪಂಚಾಯಿತಿ, ಕುಷ್ಟಗಿಯ ಪುರಸಭೆ, ಕೊಪ್ಪಳ-ಗಂಗಾವತಿಯ ನಗರಸಭೆಗಳು ಬಾಯಿ ಬಿಡಬೇಕು.

ಇನ್ನು ಮಳೆಯ ಲೆಕ್ಕದ ಮಾತು. ಸೋಲಾರ್ ಫಲಕ ಹೊತ್ತು ನಿಂತ ಮಳೆಮಾಪಕವನ್ನು ಪಂಚಾಯಿತಿ ಕಡೆ ಹೋದಾಗ ನೋಡಿದ್ದೀರಾ? 15 ನಿಮಿಷಕ್ಕೊಮ್ಮೆ ಅದರ ಲೆಕ್ಕ ಬೆಂಗಳೂರಿನ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಹೋಗುತ್ತದೆ. ದಾಳಿಂಬೆಯ ಹವಾಮಾನ ವಿಮೆ ನಿಂತಿರುವುದೂ ಇಂಥ ಲೆಕ್ಕದ ಮೇಲೆ. ಮಳೆಮಾಪಕದ ಬಾಯಿಗೆ ಕಸ ಕಟ್ಟಿದರೆ ನಿಮ್ಮ ವಿಮೆಗೂ ಕಸವೇ! ನಮ್ಮೂರ ಮಳೆ ಬೆಂಗಳೂರಿಗೆ ಗೊತ್ತು, ಪಂಚಾಯಿತಿ ಕಟ್ಟೆ ಮೇಲೆ ಕೂತವನಿಗೆ ಗೊತ್ತಿಲ್ಲ. ಆ ಲೆಕ್ಕ ಬರೆದು ಹಾಕಲು ಒಂದು ಕರಿಹಲಗೆ, ಒಂದು ಸೀಮೆಸುಣ್ಣದ ಖರ್ಚಿಗೂ ಪಂಚಾಯಿತಿಗೆ ಬಡತನವೇ?

ಠರಾವಿನಲ್ಲಿ ಇಷ್ಟು ಬರೆಸಿ: ಹೊಳೆಗೆ ನೀರು ಬಿಡುವ ಮುಂಚೆ ಸುದ್ದಿ ನೇರ ಪಂಚಾಯಿತಿಗೆ ಬರಬೇಕು, ರಾತ್ರಿಯಾದರೂ ಸರಿ. ಸಿಡಿಲಿನ ಮುನ್ಸೂಚನೆ ಬಯಲಲ್ಲಿರುವ ಕುರಿಗಾಹಿಯ ಕಿವಿಗೆ ಮುಟ್ಟಬೇಕು. ಬೆಳೆ ನೀರಲ್ಲಿ ನಿಂತರೆ ವಿಮೆಗೆ ತಿಳಿಸಲು ಇರುವುದು 72 ತಾಸು ಮಾತ್ರ, ಅದಕ್ಕೆ ಪಂಚಾಯಿತಿಯಲ್ಲೇ ಒಬ್ಬರು ಕೂತಿರಬೇಕು. ಬಿಸಿಲಿಗೆ ಕೂಲಿ ಕೆಲಸದ ವೇಳೆ ಬದಲಾಗಬೇಕು. ನೆರೆ ಬಂದರೆ ಯಾವ ಶಾಲೆ ಆಸರೆ, ಬರ ಬಂದರೆ ಯಾವ ಬೋರಿನ ನೀರು ಎಂಬ ಪಟ್ಟಿ ಮೊದಲೇ ಜಿಲ್ಲಾ ಯೋಜನೆಗೆ ಸೇರಬೇಕು.

ಮುಂದಿನ ಗ್ರಾಮಸಭೆಗೆ ಬನ್ನಿ, ಮನೆಯ ಹೆಣ್ಣುಮಕ್ಕಳನ್ನೂ ಕರೆತನ್ನಿ. ಪಟ್ಟಣದವರು ನಿಮ್ಮ ವಾರ್ಡಿನ ಸದಸ್ಯರನ್ನು ಹಿಡಿಯಿರಿ. ಪಿಡಿಒ ಬರೆದುಕೊಂಡಿದ್ದನ್ನು ಜೋರಾಗಿ ಓದಿಸಿ, ಆಮೇಲೆ ಸಹಿ ಹಾಕಿ. ಠರಾವಿನ ನಂಬರು, ತಾರೀಖು ಇರುವ ಒಂದು ಪ್ರತಿ ಜಿಲ್ಲಾಧಿಕಾರಿ ಕಚೇರಿಗೆ, ಇನ್ನೊಂದು ನಿಮ್ಮ ಮನೆಯ ಟ್ರಂಕಿಗೆ.