ತಪ್ಪು ಹುಡುಕಿದ್ದಕ್ಕೂ ಮಾರ್ಕ್ಸ್ ಕೊಡ್ರಿ

ನಮ್ಮ ಸಣ್ಣಾಕಿ ಕಂಪ್ಯೂಟರ್ ಸೈನ್ಸ್ ಮೂರನೇ ಸೆಮಿಸ್ಟರ್. ವಿಟಿಯುದ 2022ರ ಸ್ಕೀಮಿನ್ಯಾಗ ಡಿಜಿಟಲ್ ಡಿಸೈನ್ ವಿಷಯಕ್ಕ ಕಡೀ ಪರೀಕ್ಷೆಗೆ 50, ಇಂಟರ್ನಲ್ಸಿಗೆ 50. ಆ ಇಂಟರ್ನಲ್ಸಿನಾಗ 25 ಲ್ಯಾಬಿಂದು: 10 ಟೆಸ್ಟಿಗೆ, 15 ಪ್ರಯೋಗ ಮಾಡಿ ರೆಕಾರ್ಡ್ ಬರಿಯೂದಕ್ಕ. ಲೆಕ್ಕ ಛಲೋ ಐತಿ. ನನ್ನ ತಕರಾರು ಆ 15ರ ಮ್ಯಾಲೆ.

ಹೋದ ವಾರ ಆಕಿ ಕೂಡಿಸೂ ಸರ್ಕ್ಯೂಟ್ ಕಂಪ್ಯೂಟರಿನ್ಯಾಗ ಬರದ್ಲಂತ. 1ಕ್ಕ 1 ಕೂಡಿಸಿದ್ರ ಸಮ್ 0, ಕ್ಯಾರಿ 1 ಬರಬೇಕು. ಎರಡೂ 1 ಬಂದ್ವು. ಒಂದು ತಾಸು ಹುಡುಕಿ, ಎಕ್ಸಾರ್ ಗೇಟಿನ ಜಾಗಾದಾಗ ಆರ್ ಗೇಟ್ ಹಾಕೇನಿ ಅಂತ ತಾನ ಕಂಡುಹಿಡದ್ಲು. ಅಷ್ಟರಾಗ ಟೈಮ್ ಮುಗೀತು, ರೆಕಾರ್ಡ್ ಅರ್ಧಾ ಉಳೀತು, ಮಾರ್ಕ್ಸ್ ಹೋದ್ವು. ಬಾಜೂ ಹುಡುಗಿ ಯಾರದೋ ನೋಡಿ ದುಂಡಗ ಬರದು ಪೂರಾ ತೊಗೊಂಡ್ಲು. ಈಕಿ ಮನಿಗೆ ಬಂದು "ಇನ್ನ ನಾನೂ ನೋಡೇ ಬರೀತೀನಿ ಅವ್ವಾ" ಅಂದಾಗ ನನಗ ಭಾಳ ಕೆಟ್ಟನಿಸ್ತು.

ಮಾಸ್ತರಿಗೆ ಹುಡುಗರು ಭಾಳ, ಟೈಮ್ ಕಡಿಮಿ, ಖರೆ. ಆದ್ರ "ಎಲ್ಲೆ ತಪ್ಪಿದ್ದಿ, ಹೆಂಗ ತಿದ್ದಿದಿ?" ಅಂತ ಒಂದ ಪ್ರಶ್ನಿ ಕೇಳಿ, 15ರಾಗ 5 ಅದಕ್ಕ ಇಡಬಹುದಲ್ಲ? ಹೂರಣ ತೆಳ್ಳಗಾದ್ರ ಸರಿ ಮಾಡಾಕಿನ್ನ ನಾವು ಸುಗರಣಿ ಅಂತೀವೋ, ಹೋಳಿಗಿ ಮಾಡೂ ರೀತಿ ಚಂದಾಗಿ ಬರದಿಟ್ಟಾಕಿನ್ನೋ? ನೀವ ಹೇಳ್ರಿ.