ನೆಲದಡಿಯ ನಿದ್ರೆ

ಮರದ ಕೊಂಬೆಯನ್ನಪ್ಪಿ ಬೆಳೆಯುವ ಸೀತಾಳೆದಂಡೆಯನ್ನು ಮಲೆನಾಡಿನ ವಾಚಕರು ಬಲ್ಲರಷ್ಟೆ. ಅದೇ ಆರ್ಕಿಡ್ ಕುಟುಂಬದಲ್ಲಿ, ಮರವನ್ನೇರದೆ ಕಾಡಿನ ನೆರಳಿನಲ್ಲಿ ನೆಲವನ್ನೇ ನಂಬಿ ಬಾಳುವ ಸಸ್ಯಗಳೂ ಉಂಟು. ಅವುಗಳಲ್ಲೊಂದಾದ ಜಿಯೋಡೋರಂ ಎಂಬುದರ ಪೋಷಣಕ್ರಮವನ್ನು ಈ ತಿಂಗಳು ನಿವೇದಿಸುವೆವು.

ಪಶ್ಚಿಮಘಟ್ಟದ ಕಾಡುಗಳಲ್ಲಿ ಮುಂಗಾರು ಹಿಡಿದೊಡನೆ ಇದರ ಗಡ್ಡೆ ಚಿಗುರುತ್ತದೆ. ಎಲೆಗಳು ನಿರಿಗೆ ಹಿಡಿದಂತಿರುತ್ತವೆ. ಪಕ್ಕದಿಂದೇಳುವ ದಂಟಿನಲ್ಲಿ ನಸುಗೆಂಪು ಛಾಯೆಯ ಬಿಳಿ ಹೂಗಳ ಗೊಂಚಲು ತಲೆ ಬಾಗಿಸಿ ನಿಲ್ಲುತ್ತದೆ. ಕಾಯಿ ಕಚ್ಚಿದ ಮೇಲೆ ಅದೇ ದಂಟು ನೆಟ್ಟಗಾಗುವುದು.

ಸ್ನೇಹಿತರೊಬ್ಬರು ತಮ್ಮ ಅಡಕೆಯ ತೋಟದಲ್ಲಿ ಬಹುಕಾಲದಿಂದ ಬೆಳೆಸಿದ್ದ ಬುಡವನ್ನು ಒಡೆದು ಎರಡು ಗಡ್ಡೆಗಳನ್ನು ನಮಗಿತ್ತರು. ಎರಡು ಕುಂಡಗಳಲ್ಲಿ ನೆಟ್ಟೆವು. ಆಷಾಢದಲ್ಲಿ ಹೂ ಬಿಟ್ಟವು. ಮಾರ್ಗಶಿರದಲ್ಲಿ ಎಲೆಗಳು ಹಳದಿಯಾಗಿ ಉದುರಿದವು. ಗಿಡಗಳು ಬಾಯಾರಿದವೆಂದು ಬಗೆದು ನಿತ್ಯವೂ ಸ್ನಾನಾನಂತರ ತಂಬಿಗೆಯಿಂದ ನೀರೆರೆಯತೊಡಗಿದೆವು. “ಮಲಗಿದವರನ್ನು ಎಬ್ಬಿಸಿ ನೀರು ಕುಡಿಸುವುದುಂಟೆ?” ಎಂದು ನಮ್ಮ ಮನೆಯವರು ಕೇಳಿದರು. ಮೂವತ್ತೈದು ವರ್ಷ ಪರರಿಗೆ ಪಾಠ ಹೇಳಿದವರಿಗೆ ಆ ಮಾತು ರುಚಿಸೀತೆ? ಮಾಘದಲ್ಲಿ ಮಣ್ಣು ಕೆದಕಿದಾಗ ದೊರೆತದ್ದು ಕೊಳೆತ ಮುದ್ದೆ. ಎರಡನೆಯ ಕುಂಡವನ್ನು ಅವರು ಮೊದಲೇ, ಸದ್ದಿಲ್ಲದೆ, ಹಿತ್ತಲ ಸೂರಿನಡಿಗೆ ಒಯ್ದಿಟ್ಟಿದ್ದರು. ಜ್ಯೇಷ್ಠದ ಮಳೆ ತಗಲಿದೊಡನೆ ಅದು ಮೊಳೆಯಿತು. ಆ ದಿನ ನಾವು ಶಿಷ್ಯರಾದೆವು.

ಆದಕಾರಣ ಹೇಳತಕ್ಕದ್ದಿಷ್ಟು. ಕುಂಡದ ತಳಕ್ಕೆ ಹೆಂಚಿನ ಚೂರು ಹಾಸಿ, ಕೊಳೆತ ತರಗೆಲೆಯ ಗೊಬ್ಬರ, ದಪ್ಪ ಮರಳು, ಸ್ವಲ್ಪ ಮಣ್ಣು ಬೆರೆಸಿ ತುಂಬಬೇಕು. ಗಡ್ಡೆಯನ್ನು ಒಂದೆರಡು ಅಂಗುಲ ಆಳದಲ್ಲಿ ಹೂಳಬೇಕು. ಮರದಡಿಯ ಚುಕ್ಕೆಬಿಸಿಲು ಸಾಕು. ಎಲೆಯಿರುವಷ್ಟು ದಿನ ನೀರು. ಎಲೆ ಹಳದಿಯಾದೊಡನೆ ಕಡಿಮೆ ಮಾಡಿ, ಉದುರಿದ ಮೇಲೆ ನಿಲ್ಲಿಸಿ, ಕುಂಡವನ್ನು ನೆರಳಿಗೆ ಸರಿಸತಕ್ಕದ್ದು. ಮೊಳಕೆ ಕಂಡಾಗ ಪುನಃ ನೀರು.

ಗಡ್ಡೆಯನ್ನು ಕಾಡಿನಿಂದಲೇ ಕಿತ್ತು ತಂದರಾಯಿತೆಂದು ಕೆಲವರು ಅಂದಾರು. ಅದು ಕೂಡದು. ಆರ್ಕಿಡ್ಡಿನ ಬೀಜವು ಧೂಳಿನಷ್ಟು ಸೂಕ್ಷ್ಮ. ಮೊಳಕೆಗೆ ಬೇಕಾದ ಆಹಾರಸಂಚಯ ಅದರಲ್ಲಿಲ್ಲ. ಮಣ್ಣಿನ ಶಿಲೀಂಧ್ರವು ಒಳಹೊಕ್ಕು ಉಣಿಸಿದರೆ ಮಾತ್ರ ಮೊಳೆಯುವುದೆಂದು ಫ್ರಾನ್ಸಿನ ನೋಯೆಲ್ ಬರ್ನಾರ್ 1899ರಲ್ಲಿ ಕಂಡುಕೊಂಡರು. 1922ರಲ್ಲಿ ಅಮೆರಿಕೆಯ ಲೂಯಿಸ್ ನಡ್ಸನ್ ಸಕ್ಕರೆ ಬೆರೆಸಿದ ಅಗರ್ ಪಾಕದಲ್ಲಿ ಶಿಲೀಂಧ್ರವಿಲ್ಲದೆಯೇ ಬೀಜ ಮೊಳೆಯಿಸಿದರು; ಆದರೆ ಅದು ಪ್ರಯೋಗಶಾಲೆಯ ಕೆಲಸ. ಕಾಡಿನಲ್ಲಿ ಒಂದು ಬುಡ ಕಿತ್ತರೆ ಮುಂದಿನ ಬೀಜಗಳೆಲ್ಲ ಹೋದವು. ಉಳಿದಷ್ಟಕ್ಕೂ ಆ ಅದೃಶ್ಯ ದಾದಿ ದೊರೆತಾಳೆಂಬ ಭರವಸೆಯಿಲ್ಲ. ಬೆಳೆಸಿದವರಿಂದ ಬುಡ ಪಡೆಯುವುದೇ ಧರ್ಮ.

ಉಳಿದ ನಮ್ಮ ಕುಂಡದಲ್ಲೀಗ ಮೂರು ಗಡ್ಡೆಗಳಿವೆ. ಒಂದನ್ನು ನೆರೆಮನೆಗೆ ಕೊಡುವುದೆಂದು ನಿಶ್ಚಯಿಸಿದ್ದೇವೆ. ನೀರೆರೆಯುವ ಕ್ರಮವನ್ನು ಮಾತ್ರ ನಮ್ಮ ಮನೆಯವರೇ ಹೇಳಿಕೊಡುವರು.