ಹಿಟ್ಟಿನ ಕೋಳಿಯೂ ಗಾಜಿನ ಪರದೆಯ ಶತ್ರುವೂ

ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ, ಸೋಸಿದ ನೀರನ್ನೇ ಕುಡಿಯುವ, ಗೆಡ್ಡೆಗೆಣಸುಗಳನ್ನು ವರ್ಜಿಸಿದ ಶ್ರಾವಕ ಕುಟುಂಬಗಳು ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳ ಸೀಮೆಯಲ್ಲಿ ಇಂದಿಗೂ ಇವೆ. ಇದು ಸಮಾಜದ ಭಾಗ್ಯ. ಆದರೆ ಅಂಥದೇ ಮನೆಯ ಪಡಸಾಲೆಯಲ್ಲಿ ಊಟವಾದ ಸ್ವಲ್ಪ ಹೊತ್ತಿಗೆ ಹತ್ತು ವರ್ಷದ ಬಾಲಕನ ಕೈಗೆ ಅಂಗೈಯಗಲದ ಯಂತ್ರವೊಂದು ಬರುತ್ತದೆ. ಪರದೆಯ ಮೇಲೆ ಕಪ್ಪು ಆಕಾಶ. ನಡುವೆ ಒಂದು ಪುಟ್ಟ ನೌಕೆ. ನಾಲ್ಕು ದಿಕ್ಕಿನಿಂದಲೂ ಶತ್ರುಗಳು. ಬಾಲಕನ ಎರಡು ಹೆಬ್ಬೆರಳುಗಳು ಆಡತೊಡಗಿದೊಡನೆ ಶತ್ರುಗಳು ಸಿಡಿದು ಚೂರಾಗುತ್ತಾರೆ, ಅಂಕಗಳು ಏರುತ್ತವೆ. ಇರುವೆಯ ಸಾಲನ್ನು ದಾಟಿ ಕಾಲಿಡುವುದನ್ನು ಅದೇ ಮೊಮ್ಮಗನಿಗೆ ಕಲಿಸಿದ ಅಜ್ಜ ಜಪಮಾಲೆಯನ್ನು ಬದಿಗಿಟ್ಟು ಕೇಳುತ್ತಾನೆ: "ಎಷ್ಟ್ ಹೊಡದಿಯೋ ತಮ್ಮಾ?"

ಈ ಪ್ರಶ್ನೆಯಲ್ಲಿ ಅಜ್ಜನಿಗೆ ಯಾವ ದೋಷವೂ ಕಾಣುವುದಿಲ್ಲ. "ಅಲ್ಲಿ ಸತ್ತವರಾರು? ಅದು ಬರಿಯ ಬೆಳಕಿನ ಆಟ" ಎಂಬುದು ಅವನ ಸಮಾಧಾನ. ಜೈನ ಸಮಾಜದಲ್ಲಿ ಇಂದು ಸರ್ವತ್ರ ಕೇಳಿಬರುವ ಈ ಸಮಾಧಾನವು ಜೈನಧರ್ಮದ ಹೃದಯಕ್ಕೇ ವಿರುದ್ಧವಾದುದೆಂಬುದನ್ನು ನಿಷ್ಠುರವಾಗಿ ಹೇಳಬೇಕಾಗಿದೆ.

ಮೊದಲು ಆಟದ ಸ್ವರೂಪವನ್ನು ತಿಳಿಯುವುದು ನ್ಯಾಯ. 1978ರಲ್ಲಿ ಜಪಾನಿನ ಟೈಟೋ ಸಂಸ್ಥೆ 'ಸ್ಪೇಸ್ ಇನ್‌ವೇಡರ್ಸ್' ಎಂಬ ಆಟವನ್ನು ಹೊರತಂದಿತು. ಅದನ್ನು ರೂಪಿಸಿದವರು ತೊಮೊಹಿರೊ ನಿಶಿಕಾದೊ. 1982ರಲ್ಲಿ ಅಮೆರಿಕದಲ್ಲಿ ಬಂದ 'ರೋಬೋಟ್ರಾನ್ 2084' ಆಟದಲ್ಲಿ ಎರಡು ಹಿಡಿಕೋಲುಗಳು. ಎಡಗೈಯದು ಚಲಿಸಲು, ಬಲಗೈಯದು ಬೇಕಾದ ದಿಕ್ಕಿಗೆ ಗುಂಡು ಹಾರಿಸಲು. ಈ ಜೋಡಿ ಕೋಲುಗಳು ಅಂಗೈಯ ಯಂತ್ರಕ್ಕೆ ಬಂದದ್ದು ಸೋನಿ ಸಂಸ್ಥೆಯ 'ಪ್ಲೇಸ್ಟೇಷನ್ ವೀಟಾ' ಮೂಲಕ. ಫಿನ್ಲೆಂಡಿನ ಹೌಸ್‌ಮಾರ್ಕ್ ಸಂಸ್ಥೆಯ 'ಸೂಪರ್ ಸ್ಟಾರ್‌ಡಸ್ಟ್ ಡೆಲ್ಟಾ' 2012ರಲ್ಲಿ ಆ ಯಂತ್ರಕ್ಕಾಗಿ ಬಂದ ಆಕಾಶಯುದ್ಧದ ಆಟ. 2019ರಲ್ಲಿ ಆ ಯಂತ್ರದ ತಯಾರಿಕೆ ನಿಂತಿತು. ಆದರೆ ಆಟದ ಕ್ರಮ ನಿಲ್ಲಲಿಲ್ಲ. ಇಂದು ಯಾವುದೇ ಮೊಬೈಲಿನ ಗಾಜಿನ ಮೇಲೆ ಎರಡು ಹೆಬ್ಬೆರಳುಗಳನ್ನಿಟ್ಟು ಅದನ್ನೇ ಆಡಬಹುದು.

ಇಲ್ಲೊಂದು ವಿಚಾರಾರ್ಹ ಸಂಗತಿಯಿದೆ. 'ಸ್ಪೇಸ್ ಇನ್‌ವೇಡರ್ಸ್' ರೂಪುಗೊಳ್ಳುವಾಗ ಮನುಷ್ಯಾಕೃತಿಗಳಿಗೆ ಗುಂಡಿಕ್ಕುವುದು ಸಲ್ಲದೆಂಬ ಅಳುಕು ಬಂದು, ಅವುಗಳ ಬದಲು ಅನ್ಯಲೋಕದ ಜೀವಿಗಳನ್ನು ನಿಲ್ಲಿಸಲಾಯಿತು. ಆಟ ಮಾಡಿದವರಿಗೂ ಮನಸ್ಸಾಕ್ಷಿ ಇತ್ತು. ಆದರೆ ಅವರು ಕಂಡುಕೊಂಡ ಪರಿಹಾರವನ್ನು ನೋಡಿರಿ: ಕೊಲ್ಲುವ ಕ್ರಿಯೆ ಹಾಗೆಯೇ ಉಳಿಯಿತು, ಬಲಿಪಶು ಮಾತ್ರ ಬದಲಾಯಿತು.

ಕನ್ನಡದ ಜೈನರಿಗೆ ಈ ಕಥೆ ಹೊಸದೇ? ಹದಿಮೂರನೆಯ ಶತಮಾನದ ಜನ್ನ ಕವಿ 'ಯಶೋಧರ ಚರಿತೆ'ಯಲ್ಲಿ ಹೇಳಿದ್ದು ಇದನ್ನೇ ಅಲ್ಲವೇ? ದುಃಸ್ವಪ್ನದ ದೋಷಶಾಂತಿಗೆ ಪ್ರಾಣಿಬಲಿ ಕೊಡೆಂದು ತಾಯಿ ಚಂದ್ರಮತಿ ಒತ್ತಾಯಿಸುತ್ತಾಳೆ. ಯಶೋಧರನು ಒಲ್ಲೆನೆನ್ನುತ್ತಾನೆ. ಕೊನೆಗೆ ತಾಯಿಯ ಮಾತಿಗೆ ಕಟ್ಟುಬಿದ್ದು ಹಿಟ್ಟಿನ ಕೋಳಿಯನ್ನು ಬಲಿಯಾಗಿ ಕಡಿಯುತ್ತಾನೆ. ಹಿಟ್ಟಿಗೆ ಪ್ರಾಣವಿರಲಿಲ್ಲ, ನೋವಿರಲಿಲ್ಲ. ಆದರೂ ಆ ಒಂದು ಸಂಕಲ್ಪಹಿಂಸೆಯಿಂದ ತಾಯಿ ಮಗ ಇಬ್ಬರೂ ನವಿಲು, ನಾಯಿ ಮೊದಲಾದ ತಿರ್ಯಗ್ಜನ್ಮಗಳಲ್ಲಿ ತೊಳಲಿ ಬಳಲುತ್ತಾರೆ. ಅಳುಕಿನಿಂದ, ಒತ್ತಾಯಕ್ಕೆ ಸಿಕ್ಕಿ, ಒಂದೇ ಸಲ ಕಡಿದವನ ಗತಿ ಇದು. ಅಳುಕಿಲ್ಲದೆ, ನಗುನಗುತ್ತ, ಒಂದು ಸಂಜೆಗೆ ಸಾವಿರ ಸಲ ಕಡಿಯುವುದನ್ನು 'ಬರಿಯ ಆಟ' ಎನ್ನುವವರು ಆ ಕಾವ್ಯವನ್ನು ಪುಣ್ಯಪುರುಷರ ಕಥೆಯೆಂದು ಕೈಮುಗಿದು ಕೇಳಿದ್ದೇತಕ್ಕೆ?

ಜೈನಾಗಮದ ದೃಷ್ಟಿಯಲ್ಲಿ ಹಿಂಸೆಗೆ ಎರಡು ಮುಖ: ದ್ರವ್ಯಹಿಂಸೆ, ಭಾವಹಿಂಸೆ. ಪ್ರಮಾದದ ಯೋಗವಿಲ್ಲದೆ ಆಕಸ್ಮಿಕವಾಗಿ ಜೀವಹಾನಿಯಾದರೆ ಬಂಧ ಅಲ್ಪ. ಜೀವಹಾನಿಯಾಗದಿದ್ದರೂ ಕೊಲ್ಲುವ ಭಾವವಿದ್ದರೆ ಬಂಧ ತಪ್ಪದು. ಮಹಾಮತ್ಸ್ಯದ ಕಿವಿಯಲ್ಲಿ ವಾಸಿಸುವ ಅಕ್ಕಿಕಾಳಿನಷ್ಟು ಚಿಕ್ಕದಾದ ತಂದುಲಮತ್ಸ್ಯವು ಒಂದು ಜೀವಿಯನ್ನೂ ನುಂಗದೆ, ನುಂಗುವ ಭಾವದಿಂದಲೇ ಏಳನೆಯ ನರಕಕ್ಕೆ ಇಳಿಯಿತೆಂಬ ದೃಷ್ಟಾಂತವನ್ನು ಪಾಠಶಾಲೆಯ ಮಕ್ಕಳೂ ಬಲ್ಲರು. ವ್ಯಾಪಾರಿಗೆ ತಿಳಿಯುವಂತೆ ಹೇಳುವುದಾದರೆ, ಸರಕು ಕೈ ಬದಲಾಯಿಸದಿದ್ದರೂ ಮಾತು ಕೊಟ್ಟ ದಿನವೇ ಋಣ ಹುಟ್ಟುತ್ತದೆ. ಕರ್ಮದ ಖಾತೆಯಲ್ಲಿ ಭಾವವೇ ರುಜು.

ಆಟದ ಪರ ಮಾತನಾಡುವವರ ವಾದಗಳನ್ನು ಕಡೆಗಣಿಸಬಾರದು. ಈ ಆಟದಿಂದ ಮಕ್ಕಳು ನಿಜವಾಗಿ ಹಿಂಸಕರಾಗುತ್ತಾರೆಂಬುದಕ್ಕೆ ಪುರಾವೆಯಿಲ್ಲವೆಂಬುದು ಒಂದನೆಯದು. ಇದನ್ನು ಬಹುಮಟ್ಟಿಗೆ ಒಪ್ಪಬಹುದು. ಅಮೆರಿಕದ ಮನೋವಿಜ್ಞಾನ ಸಂಘವು 2020ರಲ್ಲಿ ತನ್ನ ನಿರ್ಣಯವನ್ನು ಪರಿಷ್ಕರಿಸಿ, ಕೂಗಾಟ ತಳ್ಳಾಟಗಳಂಥ ವರ್ತನೆಯೊಡನೆ ಅಲ್ಪ ಸಂಬಂಧವುಂಟೆಂದಿತು. ಆದರೆ ನೈಜ ಹಿಂಸಾಕೃತ್ಯಗಳಿಗೆ ಇಂಥ ಆಟಗಳನ್ನು ಹೊಣೆಮಾಡಲು ಸಾಕಷ್ಟು ಆಧಾರವಿಲ್ಲವೆಂದಿತು. ಆದರೆ ಜೈನನ ಆಕ್ಷೇಪವು ಆ ಪುರಾವೆಯನ್ನು ಅವಲಂಬಿಸಿಯೇ ಇಲ್ಲ. ಯಶೋಧರನು ಮುಂದೆ ನಿಜವಾದ ಕೋಳಿಯನ್ನು ಕಡಿದಾನೆಂಬ ಭಯದಿಂದ ಕವಿ ಅವನನ್ನು ಖಂಡಿಸಲಿಲ್ಲ. ಕಡಿದ ಆ ಕ್ಷಣದ ಭಾವವನ್ನೇ ಖಂಡಿಸಿದನು.

ಎರಡನೆಯ ವಾದ: ಆಟದಿಂದ ಏಕಾಗ್ರತೆ ಬೆಳೆಯುತ್ತದೆ. ಬೆಳೆಯಬಹುದು. ಆದರೆ ಏಕಾಗ್ರತೆ ಮಾತ್ರವೇ ಗುಣವಲ್ಲ. ಶಾಸ್ತ್ರವು ಧ್ಯಾನವನ್ನು ಆರ್ತ, ರೌದ್ರ, ಧರ್ಮ, ಶುಕ್ಲವೆಂದು ನಾಲ್ಕಾಗಿ ವಿಂಗಡಿಸಿದೆ. ರೌದ್ರಧ್ಯಾನದ ಮೊದಲ ಭೇದಕ್ಕೆ ಇಟ್ಟ ಹೆಸರು 'ಹಿಂಸಾನಂದ'. ಕೊಲ್ಲುವುದರಲ್ಲಿ ಏಕಾಗ್ರನಾಗಿ ಆನಂದಿಸುವುದು ಎಂದರ್ಥ. ಈ ಆಟಕ್ಕೆ ಇದಕ್ಕಿಂತ ನಿಖರವಾದ ಲಕ್ಷಣವನ್ನು ಆಧುನಿಕರೂ ಬರೆಯಲಾರರು.

ಮೂರನೆಯ ವಾದ: ಅದು ಆತ್ಮರಕ್ಷಣೆ, ವಿರೋಧೀ ಹಿಂಸೆ, ಗೃಹಸ್ಥನಿಗೆ ಅದು ಕ್ಷಮ್ಯ. ಗೊಮ್ಮಟನನ್ನು ಕಡೆಸಿದ ಚಾವುಂಡರಾಯನೂ ಸೇನಾಪತಿಯಲ್ಲವೇ? ಹೌದು. ಆದರೆ ಅವನ ಯುದ್ಧಗಳು ರಾಜ್ಯರಕ್ಷಣೆಯ ಹೊಣೆಯಿಂದ ಬಂದವು, ಅವಕ್ಕೆ ಕೊನೆಯಿತ್ತು. ಈ ಆಟದಲ್ಲಿ ಬಾಲಕನು ರಕ್ಷಿಸುವ ನಾಡು ಯಾವುದು? ಒಂದು ಅಲೆ ಮುಗಿದರೆ ಇನ್ನೊಂದು ಅಲೆ. ಗುರಿಯಿರುವುದು ಅಂಕಕ್ಕೆ ಮಾತ್ರ. ಅಂಕಕ್ಕಾಗಿ ಕೊಲ್ಲುವುದು ಯುದ್ಧವಲ್ಲ, ಬೇಟೆ. ಸಪ್ತವ್ಯಸನಗಳಲ್ಲಿ ಜೂಜಿನ ಜೊತೆಗೇ ಬೇಟೆಯನ್ನೂ ಎಣಿಸಿದ್ದಾರೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾಯಿದೆಯಿಂದ ನಿಷೇಧಿಸಿದಾಗ ಸಮಾಜದ ಹಿರಿಯರು ಸಂತೋಷಪಟ್ಟರು. ಅದೇ ಪಟ್ಟಿಯ ಬೇಟೆಯ ಬಗೆಗೆ ಮಾತ್ರ ಮೌನ. ಕಾಳೀ ನದಿಯ ಕಾಡಿನಲ್ಲಿ 1972ರ ವನ್ಯಜೀವಿ ಕಾಯಿದೆಯಿಂದ ನಿಷಿದ್ಧವಾದ ಬೇಟೆ ದಾಂಡೇಲಿಯ ಪಡಸಾಲೆಗೆ ಬಂದು ಕುಳಿತಿದೆ. ಕಿಟಕಿಯಾಚೆ ಮಂಗಟ್ಟೆ ಹಕ್ಕಿ ಹಾರಿದರೆ ಬಾಲಕನು ತಲೆಯೆತ್ತಿ ನೋಡುವುದಿಲ್ಲ.

ಎಲ್ಲ ಆಟಗಳೂ ಸಮಾನ ದೋಷವುಳ್ಳವೆಂದು ಇದರ ಅರ್ಥವಲ್ಲ. ಬಂಡೆಯನ್ನು ಒಡೆಯುವುದಕ್ಕೂ ಜೀವಿಯ ಆಕಾರವನ್ನು ಕೊಲ್ಲುವುದಕ್ಕೂ ಭೇದವಿದೆ. ಒಗಟು ಬಿಡಿಸುವ, ಚೆಂಡು ಹೊಡೆಯುವ ಆಟಗಳಿಗೆ ಈ ಆಕ್ಷೇಪ ತಗಲದು. ಆದರೆ ಜೋಡಿಕೋಲಿನ ಆಟಕ್ಕೆ ಒಂದು ವಿಶೇಷ ದೋಷವುಂಟು. ಸಾಮಾನ್ಯ ಜೀವನದಲ್ಲಿ ನೋಡುವುದಕ್ಕೂ ಹೊಡೆಯುವುದಕ್ಕೂ ನಡುವೆ ಒಂದು ಕ್ಷಣದ ಅವಕಾಶವಿದೆ. ವಿವೇಕವು ನೆಲಸುವುದು ಆ ಕ್ಷಣದಲ್ಲಿ. ಮುನಿಗಳ ಈರ್ಯಾಸಮಿತಿ ಎಂದರೆ ಆ ಕ್ಷಣವನ್ನು ಹಿಗ್ಗಿಸುವ ಅಭ್ಯಾಸ: ಮುಂದಿನ ನೆಲವನ್ನು ನೋಡಿ, ಆಮೇಲೆ ಹೆಜ್ಜೆ. ಈ ಆಟವಾದರೋ ಆ ಕ್ಷಣವನ್ನು ಅಳಿಸಿಹಾಕುವುದರಲ್ಲಿಯೇ ರಸವನ್ನಿಟ್ಟಿದೆ. ಒಂದು ಕೈ ಓಡುತ್ತಿರಲು ಇನ್ನೊಂದು ಕೈ ಬಿಡುವಿಲ್ಲದೆ ಸುಡುತ್ತದೆ. ನಿಂತು ನೋಡಿದವನು ಸೋಲುತ್ತಾನೆ. ಸಮಿತಿಯು ಅಪ್ರಮಾದದ ಪಾಠಶಾಲೆಯಾದರೆ ಇದು ಪ್ರಮಾದದ ಪಾಠಶಾಲೆ.

ಹಾಗಾದರೆ ಪಾಪ ಬಾಲಕನದೇ? ಅಲ್ಲ, ಅಥವಾ ಬಹಳ ಕಡಿಮೆ. ಕೃತ, ಕಾರಿತ, ಅನುಮೋದನ ಎಂಬ ಮೂರು ದಾರಿಗಳಲ್ಲಿ ಕರ್ಮ ಹರಿದುಬರುತ್ತದೆ. ಆಡುವವನದು ಕೃತ. ಹುಟ್ಟುಹಬ್ಬಕ್ಕೆ ಯಂತ್ರ ಕೊಡಿಸಿದ ತಂದೆಯದು ಕಾರಿತ. ಅಂಕ ಕೇಳಿ ಬೆನ್ನು ತಟ್ಟಿದ ಅಜ್ಜನದು ಅನುಮೋದನ. ವಯಸ್ಸು ಬಲಿತು ವಿವೇಕವುಳ್ಳವರು ಕೊನೆಯ ಇಬ್ಬರೇ. ಇನ್ನು ಅಂಗಡಿಯಲ್ಲಿ ಇಂಥ ಸರಕನ್ನಿಟ್ಟು ಮಾರುವ ಶ್ರಾವಕನ ಮಾತು. ಸಮಂತಭದ್ರಾಚಾರ್ಯರು 'ರತ್ನಕರಂಡ ಶ್ರಾವಕಾಚಾರ'ದಲ್ಲಿ ಎಣಿಸಿದ ಐದು ಅನರ್ಥದಂಡಗಳಲ್ಲಿ ಹಿಂಸಾದಾನವೂ ಒಂದು: ಹಿಂಸೆಯ ಸಾಧನವನ್ನು ಇತರರ ಕೈಗೆ ಕೊಡುವುದು. ಕೊಟ್ಟದ್ದು ಕಬ್ಬಿಣದ ಕತ್ತಿಯಲ್ಲ, ಭಾವದ ಕತ್ತಿಯೆಂಬುದರಿಂದ ಲಾಭದ ಹಣ ಶುದ್ಧವಾಗದು. ಆ ಲಾಭದಲ್ಲಿ ಒಂದು ಪಾಲನ್ನು ಅಭಿಷೇಕಕ್ಕೆ ಬರೆಸಿದರೂ ಶುದ್ಧವಾಗದು.

ಮಂದಿರಗಳ ಟ್ರಸ್ಟುಗಳ ಹೊಣೆ ಇಲ್ಲಿಂದ ಆರಂಭ. ದಶಲಕ್ಷಣ ಪರ್ವದಲ್ಲಿ ಹಿರಿಯರು ಉತ್ತಮಕ್ಷಮೆಯ ಪ್ರವಚನ ಕೇಳುತ್ತಿರುವಾಗ ಮಕ್ಕಳು ಮಂದಿರದ ಜಗಲಿಯಲ್ಲಿ ಮೊಬೈಲಿನಲ್ಲಿ ಸುಡುತ್ತ ಕುಳಿತಿದ್ದರೆ ಆ ಪರ್ವ ಯಾರಿಗಾಗಿ? ಬೈದು ಕಸಿದುಕೊಳ್ಳುವುದು ಸುಲಭ. ಬದಲಿಗೆ ಏನನ್ನು ಕೊಡುತ್ತೀರಿ ಎಂಬುದೇ ಪ್ರಶ್ನೆ. ಜೈನಪರಂಪರೆ ಸ್ಪರ್ಧೆಯ ವೈರಿಯಲ್ಲ. ಭರತ ಬಾಹುಬಲಿಗಳ ಸೇನೆಗಳು ಎದುರಾದಾಗ ಮಂತ್ರಿಗಳು ರಕ್ತಪಾತವನ್ನು ತಪ್ಪಿಸಿ ದೃಷ್ಟಿ, ಜಲ, ಮಲ್ಲಯುದ್ಧಗಳೆಂಬ ಮೂರು ಪಂದ್ಯಗಳನ್ನು ಏರ್ಪಡಿಸಿದರು. ಗೆದ್ದವನು ಗೆದ್ದ ಕ್ಷಣದಲ್ಲಿಯೇ ಗೆಲುವನ್ನು ತ್ಯಜಿಸಿದನು. ಬಂಧ ಮೋಕ್ಷಗಳನ್ನು ಹಾವು ಏಣಿಗಳಲ್ಲಿ ಕಲಿಸುವ ಜ್ಞಾನಚೌಪಡವನ್ನು ಪಶ್ಚಿಮ ಭಾರತದ ಜೈನರು ಬಟ್ಟೆಯ ಮೇಲೆ ಬರೆದು ಆಡಿದರು. ನೆರೆಯ ಮುಂಡಗೋಡದ ಟಿಬೆಟಿಯನ್ ವಸತಿಯಲ್ಲಿ ಡ್ರೆಪುಂಗ್, ಗಾಂದೆನ್ ವಿಹಾರಗಳ ಭಿಕ್ಷುಗಳು ಅಂಗಳದಲ್ಲಿ ಚಪ್ಪಾಳೆ ತಟ್ಟಿ ಶಾಸ್ತ್ರವಾದ ನಡೆಸುವುದನ್ನು ಹೋಗಿ ನೋಡಬಹುದು. ಅಲ್ಲಿ ಸೋಲುಗೆಲುವಿದೆ, ಉತ್ಸಾಹವಿದೆ, ಹತರಾದವರಿಲ್ಲ.

ಹಳಿಯಾಳಕ್ಕೆ ಬಹುದೂರವಲ್ಲದ ಹಲಸಿ ಅಂದಿನ ಪಲಾಶಿಕೆ. ಕದಂಬ ರವಿವರ್ಮನು ಅಲ್ಲಿ ಕಾರ್ತಿಕದ ಅಷ್ಟಾಹ್ನಿಕ ಮಹೋತ್ಸವಕ್ಕೂ ಮಳೆಗಾಲದ ನಾಲ್ಕು ತಿಂಗಳು ಯತಿಗಳ ಆಹಾರಕ್ಕೂ ತಾಮ್ರಶಾಸನ ಬರೆಸಿ ವ್ಯವಸ್ಥೆ ಮಾಡಿದನು. ಸುಮಾರು ಒಂದೂವರೆ ಸಾವಿರ ವರ್ಷಗಳ ಹಿಂದೆ ಮಳೆಗಾಲದ ನಾಲ್ಕು ತಿಂಗಳಿಗೆ ಇಷ್ಟು ಬೆಲೆ ಕಟ್ಟಿದ ಈ ನೆಲದಲ್ಲಿ, ಅದೇ ನಾಲ್ಕು ತಿಂಗಳ ಭಾನುವಾರಗಳಂದು ಮಕ್ಕಳಿಗೊಂದು ಪಾಠಶಾಲೆ, ಒಂದು ಚೌಪಡದ ಹಾಸು, ಕಾಳೀ ಕಾಡಿನ ಹಕ್ಕಿಗಳನ್ನು ಗುರುತಿಸುವ ಒಂದು ನಡಿಗೆ ಏರ್ಪಡಿಸಲು ಟ್ರಸ್ಟುಗಳಿಗೆ ಶಕ್ತಿಯಿಲ್ಲವೇ? ಮಂದಿರದ ಆವರಣದಲ್ಲಿ ಸುಡುವ ಆಟ ಸಲ್ಲದೆಂದು ಒಂದು ಸಾಲಿನ ಠರಾವು ಬರೆಯಲು ಎಷ್ಟು ಸಭೆಗಳು ಬೇಕು?

ಮನೆಯಲ್ಲಿ ಮಾಡಬೇಕಾದದ್ದು ಇನ್ನೂ ಸಣ್ಣದು. ಅಜ್ಜನು ಅಂಕವನ್ನು ಕೇಳುವುದನ್ನು ಬಿಡಲಿ. ಮೊಮ್ಮಗನ ಬದಿಯಲ್ಲಿ ಕುಳಿತು ಹಿಟ್ಟಿನ ಕೋಳಿಯ ಕಥೆಯನ್ನು ಹೇಳಲಿ. ಕಥೆ ಮುಗಿದಾಗ ಹುಡುಗನು ತಾನಾಗಿಯೇ ಯಂತ್ರವನ್ನು ಕೆಳಗಿಟ್ಟರೆ ಅದು ನಿಜವಾದ ವ್ರತ. ಇಡದಿದ್ದರೆ, ಆ ಕಥೆಯನ್ನು ಇಷ್ಟು ತಡವಾಗಿ ಹೇಳಿದ್ದಕ್ಕೆ ಪ್ರತಿಕ್ರಮಣ ಮಾಡಬೇಕಾದವನು ಹುಡುಗನಲ್ಲ.